ಜರಡಿಯೂ ಬಟ್ಟಲೂ: ಪದವಿ ಶಿಕ್ಷಣದ ಗುಣಪರೀಕ್ಷೆ

ಕಾಫಿಯ ಗುಣವನ್ನು ನಿಶ್ಚಯಿಸುವವರು ಅದನ್ನು ಎರಡು ಬಗೆಯಾಗಿ ಪರೀಕ್ಷಿಸುತ್ತಾರೆಂಬುದು ಚಿಕ್ಕಮಗಳೂರು ಸೀಮೆಯವರಿಗೆ ಹೊಸ ಸಂಗತಿಯಲ್ಲ. ಕ್ಯೂರಿಂಗ್ ವರ್ಕ್ಸಿನಲ್ಲಿ ಬೀಜವು ಮೊದಲು ಜರಡಿಗೆ ಬೀಳುತ್ತದೆ, 6.65 ಮಿಲಿಮೀಟರಿನ ಕಣ್ಣುಗಳ ಮೇಲೆ ನಿಂತದ್ದು ಒಂದು ದರ್ಜೆ, ಅಲ್ಲಿಂದ ಜಾರಿ 6 ಮಿಲಿಮೀಟರಿನ ಕಣ್ಣುಗಳ ಮೇಲೆ ನಿಂತದ್ದು ಮತ್ತೊಂದು ದರ್ಜೆ. ಅನಂತರ ಅದೇ ಬೀಜವನ್ನು ಹುರಿದು, ಪುಡಿಮಾಡಿ, ಬಟ್ಟಲಿನಲ್ಲಿ ಬಿಸಿನೀರೆರೆದು, ರುಚಿಯನ್ನು ಬಲ್ಲವರು ಚಮಚದಿಂದ ಹೀರಿ ನೋಡುತ್ತಾರೆ. ಜರಡಿಯ ಮೇಲೆ ಠೀವಿಯಿಂದ ನಿಂತ ಬೀಜವು ಬಟ್ಟಲಿನಲ್ಲಿ ಮಣ್ಣಿನ ವಾಸನೆಯನ್ನು ಬೀರಿದರೆ, ಅದರ ಗಾತ್ರವು ಅದನ್ನು ಕಾಪಾಡಲಾರದು. ಪದವಿ ಕಾಲೇಜುಗಳ ಗುಣವನ್ನು ಅಳೆಯುವುದಕ್ಕೆ ಏರ್ಪಟ್ಟ ಕ್ರಮವನ್ನು ಇದರೊಡನೆ ಹೋಲಿಸಿ ನೋಡಿದರೆ, ಅಲ್ಲಿ ಜರಡಿಗಳು ಹೇರಳವಾಗಿವೆ; ಬಟ್ಟಲು ಮಾತ್ರ ಕಾಣದು.

ನ್ಯಾಕ್ ಎಂದು ಪ್ರಸಿದ್ಧವಾದ ರಾಷ್ಟ್ರೀಯ ಮೌಲ್ಯಾಂಕನ ಮತ್ತು ಮಾನ್ಯತಾ ಪರಿಷತ್ತು 1994ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾಯಿತು. ಅದು 2017ರಲ್ಲಿ ಪರಿಷ್ಕರಿಸಿದ ಕ್ರಮದಲ್ಲಿ ಏಳು ಮಾನದಂಡಗಳಿದ್ದುವು. ಒಟ್ಟು ಅಂಕಗಳು 1000. ಪಠ್ಯಕ್ರಮ, ಬೋಧನೆ ಮತ್ತು ಮೌಲ್ಯಮಾಪನ, ಸಂಶೋಧನೆ, ಕಟ್ಟಡಾದಿ ಸೌಕರ್ಯಗಳು, ವಿದ್ಯಾರ್ಥಿಗಳಿಗೆ ನೆರವು, ಆಡಳಿತ, ಸಂಸ್ಥೆಯ ಮೌಲ್ಯಗಳು—ಹೀಗೆ ವಿಭಾಗ. ವಿಶ್ವವಿದ್ಯಾನಿಲಯಗಳ ಅಧೀನದಲ್ಲಿರುವ ಕಾಲೇಜುಗಳಿಗೆ ಬೋಧನೆಯ ವಿಭಾಗವೊಂದಕ್ಕೇ 350 ಅಂಕಗಳನ್ನು ಇರಿಸಲಾಗಿತ್ತು. ಕಾಲೇಜು ತನ್ನ ಆತ್ಮಪರಿಶೀಲನೆಯ ವರದಿಯನ್ನು ತಾನೇ ಬರೆದು ಒಪ್ಪಿಸಬೇಕು. ಒಳಗೆ ಗುಣಭರವಸೆಯ ಕೋಶವೊಂದು ವರ್ಷವಿಡೀ ಲೆಕ್ಕವಿಡಬೇಕು. ಕೊನೆಗೆ ಹೊರಗಿನ ವಿದ್ವಾಂಸರ ತಂಡವೊಂದು ಬಂದು ನೋಡಿಹೋಗಬೇಕು.

ಈ ಕ್ರಮದಿಂದ ಉಪಕಾರವಾಗಿಲ್ಲವೆಂದರೆ ಅನ್ಯಾಯವಾದೀತು. ಪುಸ್ತಕಭಂಡಾರದ ಬೀಗ ತೆಗೆಯುತ್ತದೆಯೇ, ಹೆಣ್ಣುಮಕ್ಕಳಿಗೆ ಶೌಚಾಲಯ ಉಂಟೇ, ಪ್ರಯೋಗಶಾಲೆಯಲ್ಲಿ ಸಲಕರಣೆಗಳಿವೆಯೇ ಎಂದು ಕೇಳುವವರೇ ಇಲ್ಲದ ಕಡೆ ಕೇಳುವವರೊಬ್ಬರು ಹುಟ್ಟಿಕೊಂಡರು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಉಚ್ಚತರ ಶಿಕ್ಷಾ ಅಭಿಯಾನವು ಹಣಕ್ಕೂ ಮಾನ್ಯತೆಗೂ ಗಂಟುಹಾಕಿದ್ದರಿಂದ, ಅಲಕ್ಷ್ಯದಲ್ಲಿದ್ದ ಸರ್ಕಾರಿ ಕಾಲೇಜುಗಳೂ ಮೈಕೊಡವಿ ಎದ್ದುವು. ಜರಡಿಯು ಬೇಕೇಬೇಕು, ಕಲ್ಲು ಕಡ್ಡಿಗಳನ್ನು ಬೇರ್ಪಡಿಸದೆ ಯಾರೂ ಬೀಜವನ್ನು ಹುರಿಯುವುದಿಲ್ಲ.

ಆದರೆ ಇಷ್ಟರಿಂದಲೇ ಗುಣಪರೀಕ್ಷೆಯು ಮುಗಿಯಿತೆಂದು ಭಾವಿಸುವುದು ತಪ್ಪು. ಮೂಡಿಗೆರೆಯದೋ ಕೊಪ್ಪದ್ದೋ ಆದ ಸರ್ಕಾರಿ ಪ್ರಥಮದರ್ಜೆ ಕಾಲೇಜನ್ನು ಮನಸ್ಸಿಗೆ ತಂದುಕೊಳ್ಳಬಹುದು. ಅಲ್ಲಿನ ಪಾಠಪಟ್ಟಿಯು ಸಿದ್ಧವಾಗುವುದು 1987ರಲ್ಲಿ ಸ್ಥಾಪಿತವಾದ ಕುವೆಂಪು ವಿಶ್ವವಿದ್ಯಾನಿಲಯದ ಶಂಕರಘಟ್ಟದಲ್ಲಿ. ಪ್ರಶ್ನಪತ್ರಿಕೆ ಬರುವುದೂ ಅಲ್ಲಿಂದಲೇ. ಅಧ್ಯಾಪಕರ ನೇಮಕವು ಬೆಂಗಳೂರಿನ ಕೈಯಲ್ಲಿದೆ. ರಾಜ್ಯದ ಸರ್ಕಾರಿ ಕಾಲೇಜುಗಳಲ್ಲಿ 10 ಸಾವಿರಕ್ಕೂ ಮಿಕ್ಕ ಅತಿಥಿ ಉಪನ್ಯಾಸಕರು ಪಾಠದ ಭಾರವನ್ನು ಹೊತ್ತಿದ್ದು, ಮುಂದಿನ ವರ್ಷ ತಾವು ಎಲ್ಲಿರುವೆವೆಂಬ ನೆಮ್ಮದಿಯಿಲ್ಲದೆ ದುಡಿದಿದ್ದಾರೆ. ಪಠ್ಯವೂ ಪರೀಕ್ಷೆಯೂ ನೇಮಕವೂ ಬೇರೆಯವರ ವಶ. ದರ್ಜೆಯ ಅಕ್ಷರ ಮಾತ್ರ ಕಾಲೇಜಿನ ಬಾಗಿಲ ಮೇಲೆ. ಲಗಾಮನ್ನು ಹಿಡಿಯದವನ ಮೇಲೆ ದಾರಿತಪ್ಪಿದ ದೋಷವನ್ನು ಹೊರಿಸಿದಂತಲ್ಲವೆ?

ಇದಕ್ಕಿಂತಲೂ ದೊಡ್ಡ ಕೊರತೆಯು ಮತ್ತೊಂದುಂಟು. ಎಷ್ಟು ಮಂದಿ ತೇರ್ಗಡೆಯಾದರೆಂದು ಎಣಿಸುತ್ತಾರೆ; ತೇರ್ಗಡೆಯಾದವರು ಏನು ಬರೆದರೆಂದು ಹೊರಗಿನವರು ಯಾರೂ ಓದುವುದಿಲ್ಲ. ವಿಚಾರಸಂಕಿರಣಗಳು ಎಷ್ಟು ನಡೆದುವೆಂಬುದಕ್ಕೆ ಛಾಯಾಚಿತ್ರಗಳಿವೆ. ಕೇಳಿ ಹೊರಬಂದ ವಿದ್ಯಾರ್ಥಿಯ ಮನಸ್ಸಿನಲ್ಲಿ ಏನು ಉಳಿಯಿತೆಂಬುದಕ್ಕೆ ದಾಖಲೆಯಿಲ್ಲ. ಪಠ್ಯವನ್ನು ಓದದೆ ಹಿಂದಿನ ವರ್ಷಗಳ ಪ್ರಶ್ನೆಗಳಿಗೆ ಉತ್ತರವನ್ನು ಉರುಹೊಡೆದವನೂ, ಓದಿ ತನ್ನ ಮಾತಿನಲ್ಲಿ ತಡವರಿಸಿ ಬರೆದವಳೂ ಅಂಕಿಗಳ ಪಟ್ಟಿಯಲ್ಲಿ ಒಂದೇ. ಡಾ. ರಾಧಾಕೃಷ್ಣನ್ನರ ಅಧ್ಯಕ್ಷತೆಯ 1948-49ರ ವಿಶ್ವವಿದ್ಯಾನಿಲಯ ಶಿಕ್ಷಣ ಆಯೋಗವು, ಒಂದೇ ಒಂದು ಸುಧಾರಣೆಯನ್ನು ಸೂಚಿಸಬೇಕಾದರೆ ಅದು ಪರೀಕ್ಷೆಗಳ ಸುಧಾರಣೆಯೆಂದು ಸ್ಪಷ್ಟವಾಗಿ ಅಭಿಪ್ರಾಯಪಟ್ಟಿತ್ತು. ಆ ಮಾತನ್ನು ಬದಿಗಿರಿಸಿ ಉಳಿದೆಲ್ಲವನ್ನೂ ಅಳೆಯುವ ಕೌಶಲವು ಬೆಳೆಯಿತು. 2024ರಲ್ಲಿ ಪರಿಷತ್ತು, ದರ್ಜೆಗಳನ್ನು ಬಿಟ್ಟು 'ಮಾನ್ಯತೆ ಉಂಟು, ಇಲ್ಲ' ಎಂಬ ಎರಡೇ ತೀರ್ಪುಗಳ ಪದ್ಧತಿಯನ್ನು ತರುವುದಾಗಿ ಪ್ರಕಟಿಸಿತು. ಹಲವು ಜರಡಿಗಳ ಸ್ಥಾನದಲ್ಲಿ ಒಂದೇ ಜರಡಿ ಬಂದಂತಾಯಿತು. ರುಚಿ ನೋಡುವ ಕೆಲಸವು ಅದರಿಂದ ಹತ್ತಿರವಾಗಲಿಲ್ಲ.

ಹೊಸ ತಳಿಯನ್ನು ತೋಟಕ್ಕೆ ಬಿಡುವ ಮುನ್ನ ಅದನ್ನು ಬೆಳೆದು ನೋಡುವ ಪದ್ಧತಿಯು ಇದೇ ಜಿಲ್ಲೆಯ ಬಾಳೆಹೊನ್ನೂರಿನ ಕಾಫಿ ಸಂಶೋಧನ ಕೇಂದ್ರದಲ್ಲಿ 1925ರಿಂದಲೂ ಇದೆ. ಪದವಿಯ ವಿಷಯದಲ್ಲಾದರೋ ಅಂಥ ತಾಳ್ಮೆಯು ಕಾಣಲಿಲ್ಲ. 2021ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯಂತೆ ಕರ್ನಾಟಕದಲ್ಲಿ ನಾಲ್ಕು ವರ್ಷಗಳ ಪದವಿಯು ಬಂದಿತು. 2024ರಲ್ಲಿ ಮತ್ತೆ ಮೂರು ವರ್ಷಗಳ ಪದವಿಗೆ ಹಿಂತಿರುಗಿದ್ದಾಯಿತು. ಎರಡರಲ್ಲಿ ಯಾವುದು ಮೇಲೆಂಬ ಚರ್ಚೆಗೆ ಎರಡು ಪಕ್ಷಗಳಲ್ಲಿಯೂ ಸಮರ್ಥರಿದ್ದಾರೆ. ಆದರೆ ಮೊದಲಿನ ಬೆಳೆಯನ್ನು ಕೊಯ್ದು ರುಚಿ ನೋಡುವ ಮೊದಲೇ ಗಿಡವನ್ನು ಕಿತ್ತರೆ, ಯಾವ ಪಕ್ಷದ ವಾದವೂ ಅನುಭವದಿಂದ ಸಿದ್ಧವಾಗುವುದಿಲ್ಲ.

ಇದು ವಿದ್ವಾಂಸರ ಜಗಳ ಮಾತ್ರವೆಂದು ಮಲೆನಾಡಿನ ಗೃಹಸ್ಥರು ಸುಮ್ಮನಿರುವಂತಿಲ್ಲ. ಕುದುರೆಮುಖದ ಗಣಿಯು 2005ರ ಅಂತ್ಯಕ್ಕೆ ನಿಂತಿತು. ಅದನ್ನು ನಂಬಿದ ಸಂಸಾರಗಳು ಚದುರಿದುವು. ತೋಟವಿಲ್ಲದವರ ಮಕ್ಕಳಿಗೆ, ತೋಟದ ಲೈನಿನ ಮನೆಗಳಿಂದ ಮೊದಲ ಬಾರಿಗೆ ಕಾಲೇಜಿನ ಮೆಟ್ಟಿಲು ಹತ್ತುವವರಿಗೆ, ಪದವಿಯೊಂದೇ ದಾರಿ. ಆಷಾಢದ ಮಳೆಯಲ್ಲಿ ಕಳಸದ ಕಡೆಯಿಂದ ಬಸ್ಸು ಹಿಡಿದು ಬರುವ ಹುಡುಗಿಗೆ ದೊರೆಯುವ ಪದವಿಪತ್ರವು ಬೆಂಗಳೂರಿನ ಹುಡುಗಿಯ ಪತ್ರದಷ್ಟೇ ಬಾಳಬೇಕು. ಹಾಗೆ ಬಾಳದಿದ್ದರೆ ಮೋಸಹೋದವಳು ಅವಳು, ವರದಿಯನ್ನು ಬರೆದವರಲ್ಲ.

ಬಟ್ಟಲನ್ನು ತರುವುದು ಅಸಾಧ್ಯವೇನೂ ಅಲ್ಲ. ಇಂಗ್ಲೆಂಡಿನಲ್ಲಿ 1832ರಲ್ಲಿ ಸ್ಥಾಪಿತವಾದ ಡರ್ಹಮ್ ವಿಶ್ವವಿದ್ಯಾನಿಲಯವು, ತನ್ನ ಪದವಿಗೆ ಗೌರವವನ್ನು ತಂದುಕೊಳ್ಳುವುದಕ್ಕಾಗಿ ಆಕ್ಸ್‌ಫರ್ಡಿನಿಂದ ಪರೀಕ್ಷಕರನ್ನು ಬರಮಾಡಿಕೊಂಡಿತು. ಅದೇ ರೀತಿಯಲ್ಲಿ ಪ್ರತಿ ಕಾಲೇಜಿನ ಕೆಲವು ಉತ್ತರಪತ್ರಿಕೆಗಳನ್ನು ಹೆಸರು ಮರೆಸಿ ಬೇರೊಂದು ವಿಶ್ವವಿದ್ಯಾನಿಲಯದ ಮೂವರು ಓದಲಿ. ಪ್ರಶ್ನಪತ್ರಿಕೆಯ ಯೋಗ್ಯತೆಯನ್ನೂ ಅವರು ಹೇಳಲಿ. ಆ ಮಾತು ಕಾಲೇಜಿಗೆ ಮಾತ್ರವಲ್ಲ, ಪಾಠಪಟ್ಟಿಯನ್ನು ರಚಿಸಿದ ಮಂಡಲಿಗೂ ನೇಮಕಮಾಡುವ ಸರ್ಕಾರಕ್ಕೂ ಮುಟ್ಟಲಿ. ಅಭಿರುಚಿಗಳು ಭಿನ್ನವಲ್ಲವೆ ಎಂದು ಆಕ್ಷೇಪಿಸುವವರುಂಟು. ಕಾಫಿಯ ಮೇಜಿನ ಸುತ್ತಲೂ ಒಬ್ಬರಿಗಿಂತ ಹೆಚ್ಚು ಮಂದಿ ನಿಲ್ಲುವುದು ಆ ಕಾರಣಕ್ಕಾಗಿಯೇ. ಈ ಓದಿನ ವರದಿಯು, ಈಗ ಸಾಮಾನ್ಯವಾಗಿ ಇಂಗ್ಲಿಷಿನಲ್ಲಿಯೇ ಉಳಿಯುವ ಕಾಲೇಜಿನ ವರದಿಯಂತಲ್ಲದೆ, ನಾಲ್ಕು ಪುಟಗಳ ತಿಳಿಗನ್ನಡದಲ್ಲಿ ತಂದೆತಾಯಿಗಳ ಕೈಗೆ ಬರಬೇಕು. ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ ಹುಟ್ಟಿ, ಮೈಸೂರು ವಿಶ್ವವಿದ್ಯಾನಿಲಯದ ಕುಲಪತಿಯಾಗಿ ಉಚ್ಚಶಿಕ್ಷಣವು ಕನ್ನಡದಲ್ಲಿ ನಡೆಯಬೇಕೆಂದು ಶ್ರಮಿಸಿದ ಕವಿಯ ಹೆಸರನ್ನು ಹೊತ್ತ ವಿಶ್ವವಿದ್ಯಾನಿಲಯಕ್ಕೆ ಇದು ಭಾರವೆನಿಸಬಾರದು. ಮಗಳು ಮೂರು ವರ್ಷಗಳಲ್ಲಿ ಏನನ್ನು ಕಲಿತಳೆಂದು ಕೇಳುವ ಹಕ್ಕು, ಅವಳ ಬಸ್ಸಿನ ಚಾರ್ಜನ್ನು ಕೂಡಿಟ್ಟ ಮನೆಯವರಿಗೆ ಎಲ್ಲರಿಗಿಂತ ಮೊದಲು ಸಲ್ಲತಕ್ಕದ್ದು.