ದೇವರಾದ ಮೇಲೆ ಮರೆತ ಕೆಲಸ

ಮಾಗಡಿ ತಾಲ್ಲೂಕಿನ ವೀರಾಪುರದಲ್ಲಿ ತುಮಕೂರಿನ ಸಿದ್ಧಗಂಗಾ ಮಠದ ಶಿವಕುಮಾರ ಸ್ವಾಮೀಜಿಯವರ 111 ಅಡಿ ಎತ್ತರದ ಪ್ರತಿಮೆ ನಿಲ್ಲಿಸುವ ಯೋಜನೆಯನ್ನು ಸರ್ಕಾರ 2019ರಲ್ಲಿ ಕೈಗೆತ್ತಿಕೊಂಡಿತು. ಅದೇ ತಾಲ್ಲೂಕಿನ ಗುಡೇಮಾರನಹಳ್ಳಿಯಲ್ಲಾಗಲಿ ಕುದೂರಿನಲ್ಲಾಗಲಿ ಅವರು ‘ನಡೆದಾಡುವ ದೇವರು’. ಭಕ್ತಿಯಿಂದ ಹುಟ್ಟಿದ ಈ ಬಿರುದು ಅವರ ಕೆಲಸಕ್ಕೆ ಮಾತ್ರ ಅನ್ಯಾಯ ಮಾಡಿದೆ. ದೇವರ ಕೆಲಸವನ್ನು ಜನ ಕೈಮುಗಿದು ನೋಡುತ್ತಾರೆ. ಹೇಗೆ ಮಾಡಿದರು ಎಂದು ಕೇಳಿ ಕಲಿಯುವುದಿಲ್ಲ.

ಧರ್ಮಗುರು ಸಮಾಜದ ಕೆಲಸಕ್ಕೆ ಇಳಿಯುವ ದಾರಿ ಎಲ್ಲೆಡೆ ಒಂದೇ ಅಲ್ಲ. ಇಂಗ್ಲೆಂಡಿನ ವಿಲಿಯಂ ಬೂತ್ ತಮ್ಮ ಮೆಥಡಿಸ್ಟ್ ಪಂಗಡದ ಪಾದ್ರಿ ಕೆಲಸ ತೊರೆದು, 1865ರಲ್ಲಿ ಲಂಡನ್ನಿನ ಬಡವರ ನಡುವೆ ಸಂಸ್ಥೆ ಕಟ್ಟಿದರು. 1878ರಲ್ಲಿ ಅದು ಸಾಲ್ವೇಷನ್ ಆರ್ಮಿ ಆಯಿತು. ನಮ್ಮಲ್ಲಿ ಹಾಗೆ ಪೀಠ ಬಿಟ್ಟು ಹೊರಡುವುದಿಲ್ಲ. ಅದೇ ಕಾವಿಯಲ್ಲಿ ಟ್ರಸ್ಟಿನ ಅಧ್ಯಕ್ಷತೆಯೂ ಬರುತ್ತದೆ. ಬಿಡದಿ ಬಳಿಯ ಬಾನಂದೂರಿನಲ್ಲಿ ಹುಟ್ಟಿದ ಬಾಲಗಂಗಾಧರನಾಥ ಸ್ವಾಮೀಜಿ 1974ರಲ್ಲಿ ಆದಿಚುಂಚನಗಿರಿ ಪೀಠವೇರಿದರು, ಆ ವರ್ಷವೇ ಶಿಕ್ಷಣ ಟ್ರಸ್ಟ್ ಶುರುವಾಯಿತು. 2013ರಲ್ಲಿ ಅವರ ನಂತರ ಬಂದ ನಿರ್ಮಲಾನಂದನಾಥರು ಐಐಟಿಯಲ್ಲಿ ಓದಿದವರು. ಶಾಲೆ, ಕಾಲೇಜು, ಆಸ್ಪತ್ರೆ ನಡೆಸುವುದು ಈಗ ಮಠಾಧೀಶರ ನಿತ್ಯದ ಕೆಲಸ.

ಎಲ್ಲರೂ ಒಂದೇ ರೀತಿ ನಡೆಸುತ್ತಾರೆಯೇ? ಮಠಗಳ ವಿಮರ್ಶಕರು ಎಡವುವುದು ಇಲ್ಲೇ.

ಸಿದ್ಧಗಂಗೆಯ ತ್ರಿವಿಧ ದಾಸೋಹವೆಂದರೆ ಅನ್ನ, ಅಕ್ಷರ, ಆಶ್ರಯ. ಭಾಷಣಗಳಲ್ಲಿ ಇದನ್ನು ಮಂತ್ರದಂತೆ ಹೇಳಿ ಮುಗಿಸುತ್ತಾರೆ. ನಿಜವಾಗಿ ಗಮನಿಸಬೇಕಾದದ್ದು ಅನ್ನ ಮೊದಲು ಬರುವುದನ್ನು. ಮಾಗಡಿ ಸೀಮೆಯ ರಾಗಿ ಬೆಳೆಯುವ ಮನೆಯ ಹುಡುಗನಿಗೆ ಹೈಸ್ಕೂಲು ದೂರವಾಗಿದ್ದುದು ಬರೀ ಫೀಸಿನಿಂದಲ್ಲ. ಪೇಟೆಯಲ್ಲಿ ಎಲ್ಲಿ ಮಲಗುವುದು, ಯಾರ ಮನೆಯಲ್ಲಿ ಉಣ್ಣುವುದು ಎಂಬುದೇ ದೊಡ್ಡ ಚಿಂತೆ. ಮುಂದೆ ಶಿವಕುಮಾರ ಸ್ವಾಮೀಜಿಯಾದ ವೀರಾಪುರದ ಶಿವಣ್ಣನಿಗೆ ಇದು ಕೇಳಿ ತಿಳಿದ ವಿಷಯವಲ್ಲ. ತುಮಕೂರಿನಲ್ಲಿ ಓದುವಾಗ ಕೆಲಕಾಲ ಸಿದ್ಧಗಂಗಾ ಮಠದ ಆಸರೆಯಲ್ಲೇ ಇದ್ದವರು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ವಿದ್ಯಾರ್ಥಿಯಾಗಿದ್ದಾಗ, 1930ರಲ್ಲಿ, ವಿರಕ್ತಾಶ್ರಮ ಸ್ವೀಕರಿಸಿದರು. 1941ರಲ್ಲಿ ಗುರು ಉದ್ದಾನ ಶಿವಯೋಗಿಗಳ ನಂತರ ಮಠದ ಹೊಣೆ ಪೂರ್ತಿ ಹೆಗಲಿಗೆ ಬಂತು. ಮಠದ ಎಂಜಿನಿಯರಿಂಗ್ ಕಾಲೇಜು ಬಂದದ್ದು 1963ರಲ್ಲಿ. ಅಷ್ಟು ಹೊತ್ತಿಗೆ ವಿದ್ಯಾರ್ಥಿಗಳಿಗೆ ಉಚಿತ ಊಟ, ವಸತಿ ಕೊಡುವ ಪ್ರಸಾದನಿಲಯದ ಒಲೆ ಹೊತ್ತಿ ದಶಕಗಳಾಗಿದ್ದವು.

ಆ ಒಲೆಗೆ ಅಕ್ಕಿ, ರಾಗಿ ಬಂದದ್ದು ಹಳ್ಳಿಗಳಿಂದ. ಸ್ವಾಮೀಜಿ ಊರೂರು ತಿರುಗಿ ದವಸ ಕೂಡಿಸಿದರು, ಸುಗ್ಗಿಯಾದ ಮೇಲೆ ರೈತರು ತಾವೇ ತಂದು ಹಾಕಿದರು. ಒಬ್ಬ ಸಾಹುಕಾರನ ಕೋಟಿಗಿಂತ ಸಾವಿರ ಮನೆಗಳ ಪಲ್ಲ, ಕೊಳಗ ಹೆಚ್ಚು ಗಟ್ಟಿ: ಒಬ್ಬ ಮುನಿಸಿಕೊಂಡರೆ ಅಡುಗೆ ನಿಲ್ಲುವುದಿಲ್ಲ. ಕೊಟ್ಟವನ ಮಗನೋ ನೆರೆಯವನ ಮಗನೋ ಅದೇ ಪಂಕ್ತಿಯಲ್ಲಿ ಉಣ್ಣುವಾಗ ಅನ್ನ ಹೇಗಿದೆಯೆಂಬ ಸುದ್ದಿ ಊರಿಗೆ ತಲುಪುತ್ತದೆ. ಜಾತಿ, ಧರ್ಮ ಕೇಳದೆ ಸುಮಾರು ಹತ್ತು ಸಾವಿರ ಮಕ್ಕಳಿಗೆ ಉಚಿತ ಊಟ, ವಸತಿ ನಡೆದದ್ದು ಈ ಏರ್ಪಾಡಿನ ಬಲದಿಂದ. ಇದರಲ್ಲಿ ಪವಾಡವಿಲ್ಲ, ಒಬ್ಬ ಅಸಾಧಾರಣ ಆಡಳಿತಗಾರನ ದುಡಿಮೆ ಇದೆ.

ಮಠಗಳೆಲ್ಲ ಶಿಕ್ಷಣದ ಅಂಗಡಿಗಳು ಎನ್ನುವ ಪ್ರಗತಿಪರ ವಿಮರ್ಶಕರಿಗೆ ಈ ವ್ಯತ್ಯಾಸ ಕಾಣುವುದಿಲ್ಲ. ಅವರ ಸಿಟ್ಟಿಗೆ ಕಾರಣವಿದೆ. ಕರ್ನಾಟಕ 1984ರಲ್ಲಿ ಕ್ಯಾಪಿಟೇಷನ್ ಶುಲ್ಕದ ನಿಷೇಧಕ್ಕೆ ಕಾಯ್ದೆ ತಂದದ್ದು ಸೀಟು ಮಾರಾಟ ಅಷ್ಟು ಬೆಳೆದಿದ್ದರಿಂದಲೇ. ಆದರೆ ಸೀಟಿಗೆ ಬೆಲೆ ಕಟ್ಟುವ ಕಾಲೇಜನ್ನೂ ತಟ್ಟೆ ಹಾಕಿ ಕರೆಯುವ ಪ್ರಸಾದನಿಲಯವನ್ನೂ ಒಂದೇ ಏಟಿಗೆ ಹೊಡೆಯುವುದು ವಿಮರ್ಶೆಯಲ್ಲ, ಸೋಮಾರಿತನ. ಭಕ್ತರು ಪರೀಕ್ಷೆ ಮಾಡದೆ ಹೊಗಳಿದರು, ಇವರು ಪರೀಕ್ಷೆ ಮಾಡದೆ ತೆಗಳಿದರು. ಎರಡೂ ಕಡೆಯವರು ಅಡುಗೆಮನೆಯ ಲೆಕ್ಕದ ಪುಸ್ತಕ ತೆರೆದು ಬರೆಯಬೇಕಿತ್ತು.

ಕೊರತೆಗಳನ್ನೂ ಹೇಳಲೇಬೇಕು. 1997ರ ಹಿಂದೂ ಧಾರ್ಮಿಕ ಸಂಸ್ಥೆಗಳ ಕಾಯ್ದೆ ಮಠಗಳನ್ನು ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿತು. ಪೀಠದಲ್ಲಿರುವವರೇ ಟ್ರಸ್ಟಿಗೂ ಮುಖ್ಯಸ್ಥರಾದಾಗ ಅವರನ್ನು ಪ್ರಶ್ನಿಸುವ ಜಾಗ ಕಿರಿದಾಗುತ್ತದೆ. ಶಿವಕುಮಾರ ಸ್ವಾಮೀಜಿಯವರ ನಡತೆ ಆ ಕೊರತೆಯನ್ನು ತುಂಬಿತು; ಎಲ್ಲ ಪೀಠಗಳಲ್ಲೂ ಅಂಥವರೇ ಬರುತ್ತಾರೆಂದು ನಂಬಿ ಕೂರಲಾಗದು. ಮತ್ತೊಂದು ಮಾತು: ಸಿದ್ಧಗಂಗೆಯ ಗುರುಕುಲದ ಆ ಪ್ರಸಿದ್ಧ ಸಾಲುಗಳಲ್ಲಿ ಕೂತು ಉಂಡವರು ಗಂಡುಮಕ್ಕಳು. ಅದೇ ರಾಗಿ ಹೊಲದ ಮನೆಯ ಹುಡುಗಿಗೆ ಪೇಟೆಯಲ್ಲಿ ಎಲ್ಲಿರುವುದು ಎಂಬ ಚಿಂತೆ ಅಣ್ಣನಿಗಿಂತ ಹೆಚ್ಚು. ಸ್ವಾಮೀಜಿಯವರ ಹೆಸರಿನಲ್ಲಿ ಮಾಗಡಿ ತಾಲ್ಲೂಕಿನಲ್ಲಿ ಹಣ ಖರ್ಚು ಮಾಡುವವರು ಹೆಣ್ಣುಮಕ್ಕಳಿಗಾಗಿ ಒಂದು ಉಚಿತ ಪ್ರಸಾದನಿಲಯ ಕಟ್ಟಲಿ, ಅದರ ಲೆಕ್ಕವನ್ನು ವರ್ಷಕ್ಕೊಮ್ಮೆ ಕನ್ನಡದಲ್ಲಿ ಅಚ್ಚು ಹಾಕಿಸಿ ದವಸ ಕೊಟ್ಟ ಊರುಗಳಿಗೆ ಹಂಚಲಿ.