ಬ್ಯಾರ್ನಿ ಥೋರ್ಸ್ಟೈನ್ಸನ್ನರ ಐಸ್ಲೆಂಡ್ ಗೀತಸಂಗ್ರಹ: ಒಂದು ವಿಮರ್ಶೆ

ಐಸ್ಲೆಂಡ್ ದ್ವೀಪದ ಉತ್ತರ ತೀರದಲ್ಲಿ, ಕಡಿದಾದ ಬೆಟ್ಟಗಳ ನಡುವೆ ಒಳನುಗ್ಗಿರುವ ಒಂದು ಇಕ್ಕಟ್ಟಾದ ಕೊಲ್ಲಿಯ ದಡದಲ್ಲಿ ಸಿಗ್ಲುಫ್ಯೋರ್ದುರ್ ಎಂಬ ಸಣ್ಣ ಪಟ್ಟಣವಿರುವುದು. 1967ರಲ್ಲಿ ಬೆಟ್ಟವನ್ನು ಕೊರೆದು ಸುರಂಗಮಾರ್ಗವನ್ನು ಮಾಡುವವರೆಗೂ ಚಳಿಗಾಲದಲ್ಲಿ ಆ ಊರಿಗೆ ಸಮುದ್ರವೇ ದಾರಿಯಾಗಿತ್ತೆನ್ನಬಹುದು. ಇಂತಹ ಏಕಾಂತದ ಊರಿನಲ್ಲಿ 1888ರಿಂದ 1935ರ ವರೆಗೆ ಪಾದ್ರಿಗಳಾಗಿದ್ದ ಬ್ಯಾರ್ನಿ ಥೋರ್ಸ್ಟೈನ್ಸನ್ನರು (1861-1938) ಸುಮಾರು ಇಪ್ಪತ್ತೈದು ವರ್ಷಗಳ ಕಾಲ ತಮ್ಮ ದೇಶದ ಹಾಡುಗಳನ್ನು ಕಲೆಹಾಕಿ, ‘ಈಸ್ಲೆನ್ಸ್ಕ್ ಥ್ಯೋದ್‌ಲೋಗ್’ (ಐಸ್ಲೆಂಡಿನ ಜನಗೀತಗಳು) ಎಂಬ ಹೆಸರಿನಿಂದ ಗ್ರಂಥವಾಗಿ ಪ್ರಕಟಿಸಿದರು. ಕೋಪನ್‌ಹೇಗನ್ ನಗರದ ಕಾರ್ಲ್ಸ್‌ಬರ್ಗ್ ನಿಧಿಯ ದ್ರವ್ಯಸಹಾಯದಿಂದ ಆ ನಗರದಲ್ಲಿಯೇ 1906ರಿಂದ 1909ರ ವರೆಗೆ ಅದು ಅಚ್ಚಾಯಿತು. ಸಾವಿರ ಪುಟಗಳಿಗೆ ಸ್ವಲ್ಪವೇ ಕಡಮೆಯಾದ ಈ ಗ್ರಂಥವನ್ನು ಕಳೆದ ಎರಡು ವರ್ಷಗಳಿಂದ ನಿಘಂಟಿನ ಸಹಾಯದಿಂದ ನಿಧಾನವಾಗಿ ನೋಡುತ್ತ ಬಂದಿದ್ದೇನೆ. ಆ ಭಾಷೆಯನ್ನು ಬಲ್ಲೆನೆಂಬ ಹೆಮ್ಮೆ ನನಗಿಲ್ಲ. ಪಾಶ್ಚಾತ್ಯ ಸ್ವರಲಿಪಿಯನ್ನು ಪಿಟೀಲು ವಿದ್ವಾಂಸರಾದ ಸ್ನೇಹಿತರೊಬ್ಬರು ನುಡಿಸಿ ತೋರಿಸಿದರು. ಅಲಂಕಾರಶಾಸ್ತ್ರವನ್ನು ಗುರುಮುಖದಿಂದ ಓದಿದವನೊಬ್ಬನ ದೃಷ್ಟಿಗೆ ಈ ಗ್ರಂಥವು ಹೇಗೆ ತೋರಿತೆಂಬುದೇ ಇಲ್ಲಿ ವಿವೇಚ್ಯವಾದ ವಿಷಯ.

ಮೊದಲು ಪೂರ್ವಪಕ್ಷವನ್ನು ಹೇಳಬೇಕು. ಐಸ್ಲೆಂಡಿನವರಿಗೆ ಎಡ್ಡಾ ಎಂಬ ಪ್ರಾಚೀನ ಕಾವ್ಯವುಂಟು, ಸಾಗಾ ಎಂಬ ಗದ್ಯಕಥೆಗಳುಂಟು, ಆದರೆ ಸಂಗೀತವೆಂಬುದೊಂದು ಅವರಿಗಿಲ್ಲವೆಂಬ ಮಾತು ಹತ್ತೊಂಬತ್ತನೆಯ ಶತಮಾನದ ವಿದ್ವಾಂಸರಲ್ಲಿ ಬಳಕೆಯಲ್ಲಿತ್ತು. ಪರರು ಹಾಗೆ ಆಡಿದ್ದರೆ ಅಜ್ಞಾನವೆಂದು ಬಿಡಬಹುದಾಗಿತ್ತು. ಆಡಿದವರಲ್ಲಿ ಆ ನಾಡಿನವರೇ ಇದ್ದರು. 1801ರಲ್ಲಿ ಹೊಸ ಸ್ತೋತ್ರಸಂಗ್ರಹವನ್ನು ಹೊರತಂದ ಮಾಗ್ನುಸ್ ಸ್ಟೆಫನ್ಸನ್ ಎಂಬ ಅಧಿಕಾರಿಗಳು ಹಳೆಯ ರೀತಿಯ ಹಾಡಿಕೆಯನ್ನು ಒರಟೆಂದು ಬಗೆದವರು. 1840ರಿಂದ ರೇಕ್ಯಾವಿಕ್‌ನ ಪ್ರಧಾನ ದೇವಾಲಯದಲ್ಲಿ ಆರ್ಗನ್ ವಾದ್ಯವನ್ನು ನುಡಿಸುತ್ತಿದ್ದ ಪೇತುರ್ ಗುಡ್ಯೋನ್ಸನ್ನರ ಶಿಷ್ಯಪರಂಪರೆಯು ಊರೂರಿಗೂ ಹರಡಿ, ವಾದ್ಯದ ಶ್ರುತಿಗೆ ಒಗ್ಗದ ಕಂಠಗಳೆಲ್ಲ ತಪ್ಪಿತಸ್ಥ ಕಂಠಗಳಾದವು. ತಾತನು ಹಾಡಿದುದನ್ನು ಮೊಮ್ಮಗನು ಕೇಳಿ ನಾಚತೊಡಗಿದ ಕಾಲವದು. ಬ್ಯಾರ್ನಿಯವರ ಸಂಗ್ರಹಕಾರ್ಯವು ಈ ನಾಚಿಕೆಯ ಮಧ್ಯದಲ್ಲಿ ಆರಂಭವಾಯಿತೆಂಬುದನ್ನು ಮರೆತರೆ ಗ್ರಂಥದ ಗುಣವಾಗಲಿ ದೋಷವಾಗಲಿ ತಿಳಿಯುವುದಿಲ್ಲ.

ನಾಚಿಕೆಗೆ ಗುರಿಯಾದ ಹಾಡಿಕೆಗಳಲ್ಲಿ ಎರಡನ್ನು ಮುಖ್ಯವಾಗಿ ಹೇಳಬೇಕು. ಮೊದಲನೆಯದು ‘ತ್ವೀಸೋಂಗುರ್’, ಎಂದರೆ ಇಬ್ಬರ ಹಾಡು. ಒಬ್ಬನು ಹಾಡುವ ಧಾಟಿಯನ್ನೇ ಮತ್ತೊಬ್ಬನು ಪಂಚಮಾಂತರದಲ್ಲಿ ಅನುಸರಿಸುತ್ತ ಹೋಗುವನು. ನಡುವೆ ಕೆಳಗಿನ ಕಂಠವು ಮೇಲಿನದನ್ನು ದಾಟಿ ಮೇಲೇರುವುದು, ಮೇಲಿನದು ಕೆಳಗಿಳಿಯುವುದು. ಬಹಳ ಹಾಡುಗಳಲ್ಲಿ ಮಧ್ಯಮಸ್ವರವು ನಮ್ಮ ಕಲ್ಯಾಣಿಯಲ್ಲಿರುವಂತೆ ಪ್ರತಿಮಧ್ಯಮ. ಯೂರೋಪಿನ ಸ್ವರಮೇಳಶಾಸ್ತ್ರದಲ್ಲಿ ಎರಡು ಕಂಠಗಳು ಪಂಚಮಾಂತರದಲ್ಲಿಯೇ ಒಂದರ ಹಿಂದೊಂದು ಚಲಿಸಕೂಡದೆಂಬ ನಿಷೇಧವುಂಟು. ಹಾಗೆ ಚಲಿಸಿದರೆ ಕಂಠಗಳ ಸ್ವಾತಂತ್ರ್ಯವು ಲೋಪವಾಗುವುದೆಂಬುದು ಅದಕ್ಕೆ ಕಾರಣ. ಈ ಸೂತ್ರವನ್ನು ಬಾಯಿಪಾಠ ಮಾಡಿ ಬಂದವನಿಗೆ ತ್ವೀಸೋಂಗುರ್ ಹಾಡು ಮೊದಲಿಂದ ಕೊನೆಯ ವರೆಗೆ ಒಂದೇ ತಪ್ಪಿನ ಆವೃತ್ತಿಯಾಗಿ ಕೇಳಿಸಿದ್ದರೆ ಆಶ್ಚರ್ಯವಿಲ್ಲ. ಆದರೆ ಆ ಸೂತ್ರವು ಹುಟ್ಟುವುದಕ್ಕೆ ಎಷ್ಟೋ ಮುಂಚೆ ಯೂರೋಪಿನ ಮಠಗಳಲ್ಲಿಯೇ ಪಂಚಮಾಂತರದ ಜೋಡಿ ಹಾಡಿಕೆಯು ಶಾಸ್ತ್ರೋಕ್ತವಾಗಿದ್ದಿತು. ನಮ್ಮ ಭರತಮುನಿಗಳ ಮತದಲ್ಲಂತೂ ಹದಿಮೂರು ಶ್ರುತಿಗಳ ಅಂತರದಲ್ಲಿರುವ ಷಡ್ಜ ಪಂಚಮಗಳು ಪರಸ್ಪರ ಸಂವಾದಿಗಳು. ಒಂದು ಕಾಲದ ಲಕ್ಷಣವನ್ನು ಹಿಡಿದು ಇನ್ನೊಂದು ಕಾಲದ ಲಕ್ಷ್ಯವನ್ನು ಅಳೆದರೆ ಬರುವ ಅನರ್ಥಕ್ಕೆ ಇದಕ್ಕಿಂತ ಉತ್ತಮವಾದ ಉದಾಹರಣೆಯು ನನಗೆ ಬೇರೆ ತೋರಲಿಲ್ಲ. ಬ್ಯಾರ್ನಿಯವರು ಈ ಹಾಡುಗಳನ್ನು ತಿದ್ದದೆ, ಪಂಚಮಗಳನ್ನು ಪಂಚಮಗಳಾಗಿಯೇ ಉಳಿಸಿ ಅಚ್ಚುಹಾಕಿಸಿದರು. ತಾವೇ ಸ್ವರಮೇಳಶಾಸ್ತ್ರವನ್ನು ಬಲ್ಲ ರಚನಕಾರರಾಗಿದ್ದೂ ಕೈತಡೆದುಕೊಂಡುದು ಸಾಮಾನ್ಯವಾದ ಸಂಯಮವಲ್ಲ.

ಎರಡನೆಯದು ‘ರೀಮುರ್’ ಎಂಬ ದೀರ್ಘಕಥನಕಾವ್ಯಗಳ ಗಾನ. ಈ ಕಾವ್ಯಜಾತಿಯ ಅತ್ಯಂತ ಹಳೆಯ ಮಾದರಿಯು ಹದಿನಾಲ್ಕನೆಯ ಶತಮಾನದ ಕೊನೆಯಲ್ಲಿ ಬರೆದ ಫ್ಲಾತೇಯರ್ ಎಂಬ ಹಸ್ತಪ್ರತಿಯಲ್ಲಿ ಉಳಿದಿರುವುದು. ಚಳಿಗಾಲದ ರಾತ್ರಿಗಳಲ್ಲಿ ಮನೆಯವರೆಲ್ಲರೂ ಒಂದೇ ಕೋಣೆಯಲ್ಲಿ ಕುಳಿತು ಉಣ್ಣೆಯ ಕೆಲಸವನ್ನು ಮಾಡುತ್ತಿರುವಾಗ ಒಬ್ಬನು ಈ ಕಾವ್ಯಗಳನ್ನು ಧಾಟಿಯಲ್ಲಿ ಹೇಳುವನು. ಪದ್ಯದ ಕೊನೆಯ ಸ್ವರವನ್ನು ಉದ್ದವಾಗಿ ಎಳೆಯುವನು, ಕೇಳುವವರೂ ಅಲ್ಲಿ ದನಿಗೂಡಿಸುವುದುಂಟು. ನಮ್ಮ ಗಮಕಿಗಳು ಕುಮಾರವ್ಯಾಸನನ್ನು ಓದುವಾಗ ರಾಗವು ಅರ್ಥಕ್ಕೆ ಅಧೀನವಾಗಿರುವಂತೆಯೇ ಇಲ್ಲಿಯೂ ಧಾಟಿಯು ಪದ್ಯಕ್ಕೆ ದಾಸಿ. ಸಾಮಾನ್ಯವಾದ ಛಂದಸ್ಸಿನಲ್ಲಿ ನಾಲ್ಕು ಸಾಲುಗಳು. ವಿಷಮಪಾದದಲ್ಲಿ ಏಳು, ಸಮಪಾದದಲ್ಲಿ ಆರು ಅಕ್ಷರಗಳು. ಒಂದಕ್ಕೆ ಮೂರನೆಯದೂ ಎರಡಕ್ಕೆ ನಾಲ್ಕನೆಯದೂ ಅಂತ್ಯಪ್ರಾಸ. ಇದಲ್ಲದೆ ವಿಷಮಪಾದದಲ್ಲಿ ಎರಡು ಕಡೆ ಬಂದ ಶಬ್ದಾದಿವರ್ಣವೇ ಸಮಪಾದದ ಮೊದಲನೆಯ ಘಾತಸ್ಥಾನದಲ್ಲಿ ಬರಲೇಬೇಕು. ಸ್ವರಗಳಾದರೆ ಯಾವ ಸ್ವರಕ್ಕೆ ಯಾವ ಸ್ವರವಾದರೂ ಸಲ್ಲುವುದು. ಸಂಸ್ಕೃತದಲ್ಲಿ ಅನುಪ್ರಾಸವು ಅಲಂಕಾರಮಾತ್ರ, ಇದ್ದರೆ ಶೋಭೆ, ಇಲ್ಲದಿದ್ದರೆ ಹಾನಿಯಿಲ್ಲ. ಕನ್ನಡದಲ್ಲಿ ದ್ವಿತೀಯಾಕ್ಷರಪ್ರಾಸವು ಪ್ರಾಚೀನರಿಗೆ ನಿಯಮ. ಐಸ್ಲೆಂಡಿನಲ್ಲಿ ಆದಿಪ್ರಾಸವು ನಿಯಮ, ಇಂದಿಗೂ ಅಲ್ಲಿ ಪದ್ಯ ಕಟ್ಟುವವರು ಅದನ್ನು ಬಿಟ್ಟರೆ ಕಿವಿಯುಳ್ಳವರು ಒಪ್ಪುವುದಿಲ್ಲ.

ರೀಮುರ್ ಕಾವ್ಯಗಳ ಮೇಲೆ ಬಿದ್ದ ದೊಡ್ಡ ಏಟು 1837ರದು. ಯೋನಾಸ್ ಹಾಲ್‌ಗ್ರೀಮ್ಸನ್ (1807-1845) ಎಂಬ ಶ್ರೇಷ್ಠಕವಿಗಳು ‘ಫ್ಯೋಲ್ನಿರ್’ ಪತ್ರಿಕೆಯಲ್ಲಿ, ಪೀಪಾಯಿ ಮಾಡುವ ಕಸುಬಿನವನಾಗಿದ್ದ ಜನಪ್ರಿಯಕವಿ ಸಿಗುರ್ದುರ್ ಬ್ರೇಯ್ದ್‌ಫ್ಯೋರ್ದನ (1798-1846) ಕೃತಿಯೊಂದನ್ನು ವಿಮರ್ಶಿಸುವ ನೆಪದಲ್ಲಿ ಆ ಕಾವ್ಯಜಾತಿಯನ್ನೇ ತಿರಸ್ಕರಿಸಿದರು. ಸವೆದ ಮಾತು, ರುಚಿಗೆಟ್ಟ ಕಥೆ, ತಿರುಚಿದ ಪರ್ಯಾಯಶಬ್ದಗಳು ಎಂಬುವು ರೀಮುರ್ ಕಾವ್ಯಗಳ ಮೇಲೆ ಹೊರಿಸುತ್ತ ಬಂದ ದೋಷಗಳು. ಮೊದಲಿನ ಎರಡರಲ್ಲಿ ಸತ್ಯಾಂಶವಿಲ್ಲದಿಲ್ಲ. ಮೂರನೆಯದನ್ನು ಮಾತ್ರ ಅಲಂಕಾರಿಕನು ಹಾಗೆಯೇ ಬಿಡಲಾರನು. ಹಡಗನ್ನು ಕಡಲ ಕುದುರೆಯೆಂದೂ, ಚಿನ್ನವನ್ನು ಕಡಲ ಬೆಂಕಿಯೆಂದೂ, ಕಾವ್ಯವನ್ನು ಓದಿನ್ ದೇವತೆಯ ಮಧುವೆಂದೂ ಹೇಳುವುದು ಅವರ ಕವಿಸಂಪ್ರದಾಯ. ಇದನ್ನು ನಮ್ಮವರ ನೇಯಾರ್ಥದೋಷಕ್ಕೆ ಹೋಲಿಸಬಹುದೆಂದು ಮೇಲುನೋಟಕ್ಕೆ ತೋರೀತು. ಆದರೆ ರೂಢಿಯೂ ಪ್ರಯೋಜನವೂ ಇಲ್ಲದೆ ಕವಿಯು ತನ್ನ ಇಚ್ಛೆಯಿಂದ ಲಕ್ಷಣಾರ್ಥವನ್ನು ಎಳೆದು ತಂದರೆ ಮಾತ್ರ ನೇಯಾರ್ಥವು. ‘ದ್ವಿರೇಫ’ ಶಬ್ದವು ಎರಡು ರೇಫಗಳುಳ್ಳ ‘ಭ್ರಮರ’ ಶಬ್ದವನ್ನೂ ಅದರ ಮೂಲಕ ದುಂಬಿಯನ್ನೂ ತಿಳಿಸುವ ದಾರಿಯು ಎಷ್ಟು ಸುತ್ತಿನದಾದರೂ ರೂಢಿಯಿರುವುದರಿಂದ ಯಾರೂ ಅದನ್ನು ದೋಷವೆನ್ನರು. ಉಣ್ಣೆಯನ್ನು ಹಿಂಜುತ್ತಿದ್ದ ಹೆಂಗಸಿಗೂ ದೋಣಿಯ ಹುಟ್ಟು ಹಾಕುವವನಿಗೂ ಕಡಲ ಕುದುರೆಯೆಂದರೆ ಏನೆಂಬುದು ಬಾಲ್ಯದಿಂದಲೇ ತಿಳಿದಿತ್ತು. ರೂಢಿಯು ಇದ್ದ ಸಭೆಯಲ್ಲಿ ಅದು ಗುಣ. ರೂಢಿಯನ್ನು ಮರೆತ ಓದುಗನ ಮೇಜಿನ ಮೇಲೆ ಅದು ದೋಷವಾಗಿ ಕಂಡರೆ ಅಪರಾಧವು ಕವಿಯದಲ್ಲ. ಯೋನಾಸರು ತಮ್ಮ ಕಾವ್ಯದಲ್ಲಿ ಮಹಾಕವಿಗಳು. ಈ ವಿಮರ್ಶೆಯಲ್ಲಿ ಮಾತ್ರ ಅವರು ಕಾವ್ಯವನ್ನು ಕಣ್ಣಿಂದ ಓದಿ ಕಿವಿಯನ್ನು ಮನೆಯಲ್ಲಿಟ್ಟು ಬಂದಂತೆ ಕಾಣುತ್ತದೆ.

ಇಷ್ಟು ಹೇಳುವಾಗ ನನ್ನ ವಿಷಯವಾಗಿ ಒಂದು ಮಾತನ್ನು ಮುಚ್ಚಿಡುವುದು ಸರಿಯಲ್ಲ. ನಾನು ಪಾಠಶಾಲೆಯಿಂದ ರಜೆಗೆ ಊರಿಗೆ ಬಂದಾಗ ನಮ್ಮ ಅಜ್ಜಿಯವರು ಬೀಸುಕಲ್ಲಿನ ಮುಂದೆ ಹಾಡುತ್ತಿದ್ದ ಪದಗಳಲ್ಲಿ ಯತಿಭಂಗವನ್ನೂ ಅಪಶಬ್ದವನ್ನೂ ಎಣಿಸಿ ಹೇಳಿ ನಕ್ಕವನು ನಾನೇ. ಅವರು ಮರುದಿನದಿಂದ ನಾನು ಮನೆಯಲ್ಲಿರುವಾಗ ಹಾಡುವುದನ್ನು ನಿಲ್ಲಿಸಿದರು. ಆ ಪದಗಳಲ್ಲಿ ಒಂದೂ ಈಗ ನನಗೆ ಬಾರದು. ಬ್ಯಾರ್ನಿಯವರ ಗ್ರಂಥವನ್ನು ಅಷ್ಟು ಕಾಲ ಕೈಯಲ್ಲಿ ಹಿಡಿದು ಕುಳಿತುದಕ್ಕೆ ಇದೂ ಒಂದು ಕಾರಣವಾಗಿದ್ದಿರಬಹುದು.

ಗ್ರಂಥದ ದೋಷಗಳಿಗೆ ಬರೋಣ. ಬ್ಯಾರ್ನಿಯವರು ಹಸ್ತಪ್ರತಿಗಳಲ್ಲಿದ್ದ ಗೀತಗಳನ್ನೂ ಜನರ ಬಾಯಲ್ಲಿದ್ದ ಗೀತಗಳನ್ನೂ ಒಂದೇ ಗ್ರಂಥದಲ್ಲಿ ಸೇರಿಸಿದರು. ಹಸ್ತಪ್ರತಿಯ ಭಾಗದಲ್ಲಿ ಅವರ ಶ್ರಮವು ನಿರ್ವಿವಾದವಾದುದು. ಬಾಯಿಂದ ಬಂದ ಹಾಡುಗಳನ್ನು ಕಿವಿಯಿಂದ ಕೇಳಿ ಕೈಯಿಂದ ಬರೆದರು. ಬರೆಯುವುದಕ್ಕೆ ಅವರಿಗಿದ್ದ ಸಾಧನವು ಅದೇ ಆರ್ಗನ್ ವಾದ್ಯದ ಲಿಪಿ. ಆ ಲಿಪಿಯಲ್ಲಿ ಸ್ವರಕ್ಕೂ ಸ್ವರಕ್ಕೂ ನಡುವಿನ ಸ್ಥಾನಗಳಿಗೆ ಚಿಹ್ನೆಯಿಲ್ಲ. ಪದ್ಯದ ಗತಿಯನ್ನು ಅನುಸರಿಸಿ ಹಿಗ್ಗುವ ಕುಗ್ಗುವ ಕಾಲವನ್ನು ತಾಳದ ಕಂಬಗಳ ನಡುವೆ ನಿಲ್ಲಿಸಿದರೆ ಅದು ಕಟ್ಟುಹಾಕಿದ ಕೈಯಂತೆ ಬಿಗಿಯುವುದು. ಸಮಾಸಕ್ಕೆ ಅನ್ವಯವನ್ನು ಬರೆದುಕೊಂಡು ಅದನ್ನೇ ಕಾವ್ಯವೆಂದು ಓದಿದರೆ ಹೇಗೋ ಹಾಗೆ. 1903ರಿಂದಲೇ ಯೋನ್ ಪಾಲ್ಸನ್ ಎಂಬುವರು ಐಸ್ಲೆಂಡಿನಲ್ಲಿ ಮೇಣದ ಉರುಳೆಗಳ ಮೇಲೆ ದನಿಯನ್ನು ಹಿಡಿಯತೊಡಗಿದ್ದರು. ಯೋನ್ ಲೇಯ್ಫ್ಸರು 1920ರ ದಶಕದಲ್ಲಿ ಅದೇ ಯಂತ್ರದೊಡನೆ ಹಳ್ಳಿಗಳನ್ನು ಸುತ್ತಿದರು. 1929ರಲ್ಲಿ ರೇಕ್ಯಾವಿಕ್‌ನಲ್ಲಿ ಸ್ಥಾಪಿತವಾದ ಇದುನ್ ಎಂಬ ಗಾಯಕಸಂಘದವರು 1935-36ರಲ್ಲಿ ಇನ್ನೂರು ಧಾಟಿಗಳನ್ನು ಬೆಳ್ಳಿಯ ಬಣ್ಣದ ತಟ್ಟೆಗಳ ಮೇಲೆ ಮುದ್ರಿಸಿದರು. ಇವು 2004ರಲ್ಲಿ ಪ್ರಕಟವಾಗಿವೆ. ಆ ತಟ್ಟೆಗಳನ್ನು ಕೇಳಿದ ಮೇಲೆ ಗ್ರಂಥದಲ್ಲಿ ಅಚ್ಚಾದ ಧಾಟಿಗಳನ್ನು ನೋಡಿದರೆ ಅಸ್ಥಿಪಂಜರವು ಸರಿಯಾಗಿದ್ದು ಮಾಂಸವಿಲ್ಲದುದು ಸ್ಪಷ್ಟವಾಗುವುದು.

ಇನ್ನೂ ಸೂಕ್ಷ್ಮವಾದ ದೋಷವೊಂದುಂಟು. ಅಚ್ಚಿನಲ್ಲಿ ಒಂದು ಧಾಟಿಗೆ ಒಂದು ರೂಪ ಮಾತ್ರ. ಹಾಡುವವನು ಅದೇ ಧಾಟಿಯನ್ನು ಹತ್ತು ಪದ್ಯಗಳಲ್ಲಿ ಹತ್ತು ಬಗೆಯಾಗಿ ಹೇಳಬಹುದು. ಸ್ವೆಂಡ್ ನೀಲ್ಸನ್ ಎಂಬ ಡೆನ್ಮಾರ್ಕಿನ ವಿದ್ವಾಂಸರು ಒಬ್ಬನೇ ಗಾಯಕನ ರೀಮುರ್ ಹಾಡಿಕೆಯನ್ನು ಪರೀಕ್ಷಿಸಿ 1982ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈ ಮಾರ್ಪಾಡುಗಳ ಒಳಗಿನ ಸ್ಥಿರತೆಯನ್ನೇ ವಿಷಯವನ್ನಾಗಿ ಮಾಡಿಕೊಂಡರು. ಬ್ಯಾರ್ನಿಯವರು ಈ ಪ್ರಶ್ನೆಯನ್ನು ಕೇಳಿಕೊಳ್ಳಲಿಲ್ಲ. ಕೇಳಿಕೊಂಡಿದ್ದರೆ ಗ್ರಂಥವು ಮುಗಿಯುತ್ತಿರಲಿಲ್ಲವೆಂಬ ಸಮಾಧಾನವನ್ನು ನಾನೇ ಹೇಳುತ್ತೇನೆ. ಐನೂರರಷ್ಟು ಹಾಡುಗಳನ್ನು ಒಂಟಿಯಾಗಿ ಉಳಿಸಿದವರನ್ನು, ಒಂದು ಹಾಡಿನ ಹತ್ತು ರೂಪಗಳನ್ನೇಕೆ ಕೊಡಲಿಲ್ಲವೆಂದು ಜರೆಯುವುದು ಸುಲಭ.

ಆದರೆ ಸಂಗ್ರಹಕಾರರಲ್ಲಿಯೇ ಇದ್ದ ಒಂದು ವಿರೋಧವನ್ನು ಅಷ್ಟು ಸುಲಭವಾಗಿ ಪರಿಹರಿಸಲಾಗುವುದಿಲ್ಲ. ಇವರೇ 1899ರಲ್ಲಿ ದೊಡ್ಡ ಹಬ್ಬಗಳ ಪೂಜಾವಿಧಿಗೆ ಹೊಸ ಗೀತಗಳನ್ನು ರಚಿಸಿ ಪ್ರಕಟಿಸಿದರು. ಅವು ಆ ಕಾಲದ ಡೆನ್ಮಾರ್ಕ್ ಜರ್ಮನಿಗಳ ವೃಂದಗಾನದ ಶೈಲಿಯವು. ಐಸ್ಲೆಂಡಿನ ದೇವಾಲಯಗಳಲ್ಲಿ ಇಂದಿಗೂ ಅವನ್ನು ಹಾಡುವರು. ವಾರದ ದಿನಗಳಲ್ಲಿ ಹಳೆಯ ಹಾಡನ್ನು ಬರೆದಿಡುತ್ತಿದ್ದ ಕೈಯೇ ಭಾನುವಾರ ಅದರ ಜಾಗವನ್ನು ಹೊಸ ಹಾಡಿಗೆ ಬಿಟ್ಟುಕೊಟ್ಟಿತು. ಸಿಗ್ಲುಫ್ಯೋರ್ದುರ್ ಊರಿನ ಚರಿತ್ರೆಯಲ್ಲಿಯೂ ಹೀಗೆಯೇ. 1903ರಲ್ಲಿ ನಾರ್ವೆಯವರು ಅಲ್ಲಿಗೆ ಹೆರಿಂಗ್ ಮೀನು ಹಿಡಿಯಲು ಬಂದರು. ಕಡಲ ಕಟ್ಟೆಗಳ ಮೇಲೆ ಮೀನನ್ನು ಉಪ್ಪಿಟ್ಟು ಪೀಪಾಯಿಗೆ ತುಂಬುವ ಹೆಣ್ಣುಮಕ್ಕಳು ಎಲ್ಲೆಡೆಗಳಿಂದ ಬಂದು ಸೇರಿದರು. ಹಳ್ಳಿಯು 1918ರಲ್ಲಿ ಪಟ್ಟಣವಾಯಿತು. ಅದರ ಬೆಳವಣಿಗೆಗಾಗಿ ದುಡಿದ ಬ್ಯಾರ್ನಿಯವರನ್ನು ಪಟ್ಟಣದ ಪಿತನೆಂದು ಅಲ್ಲಿಯವರು ಗೌರವಿಸುವರು. ಉಣ್ಣೆಯ ಕೋಣೆಯ ರಾತ್ರಿಗಳು ಇಂತಹ ಪಟ್ಟಣಗಳಲ್ಲಿ ಉಳಿಯಲಿಲ್ಲ. ಕಟ್ಟೆಯ ಮೇಲೆ ಅಕಾರ್ಡಿಯನ್ ವಾದ್ಯದ ಕುಣಿತವು ಬಂದಿತು. ಗ್ರಂಥವು ಅಚ್ಚಾಗುತ್ತಿದ್ದ ವರ್ಷಗಳೂ ಪೀಪಾಯಿಗಳು ತುಂಬಲಾರಂಭಿಸಿದ ವರ್ಷಗಳೂ ಒಂದೇ. ಇದನ್ನು ಕಪಟವೆಂದು ನಾನು ಹೇಳಲಾರೆ. ಹೋಗುವುದನ್ನು ತಡೆಯಲಾರೆನೆಂದು ತಿಳಿದವನೇ ಅದನ್ನು ಬರೆದಿಡುವನು. ತಡೆಯಬಲ್ಲವನಿಗೆ ಬರೆಯುವ ಅವಶ್ಯಕತೆಯೇ ಇಲ್ಲ.

ಹೆರಿಂಗ್ ಮೀನು 1960ರ ದಶಕದ ಕೊನೆಯಲ್ಲಿ ಆ ಕಡಲಿನಿಂದ ಮಾಯವಾಯಿತು. ಮೂರು ಸಾವಿರವನ್ನು ಮೀರಿದ್ದ ಜನಸಂಖ್ಯೆಯು ಇಳಿಯುತ್ತ ಬಂದು ಅರ್ಧಕ್ಕಿಂತಲೂ ಕಡಮೆಯಾಗಿದೆ. ಹೆರಿಂಗ್ ಕಾಲದ ವಸ್ತುಸಂಗ್ರಹಾಲಯವು ಈಗ ಆ ಊರಿನ ಪ್ರಸಿದ್ಧಿಗೆ ಕಾರಣ. 2000ರಲ್ಲಿ ಜನಗೀತೋತ್ಸವವೊಂದು ಅಲ್ಲಿ ಆರಂಭವಾಯಿತು. 2006ರಲ್ಲಿ, ಬ್ಯಾರ್ನಿಯವರು ಬಂದ ಹೊಸತರಲ್ಲಿ ವಾಸವಾಗಿದ್ದ 1884ರ ಮರದ ಮನೆಯನ್ನು ಜೀರ್ಣೋದ್ಧಾರ ಮಾಡಿ ಜನಗೀತಕೇಂದ್ರವನ್ನಾಗಿ ತೆರೆದರು. ಲಾಂಗ್‌ಸ್ಪಿಲ್ ಎಂಬ ಉದ್ದನೆಯ ತಂತಿವಾದ್ಯವನ್ನು ನುಡಿಸುವವರು, ರೀಮುರ್ ಹೇಳುವವರು, ತ್ವೀಸೋಂಗುರ್ ಹಾಡುವವರು, ಇವರೆಲ್ಲರ ದೃಶ್ಯಮುದ್ರಣಗಳನ್ನು ಆ ಮನೆಯಲ್ಲಿ ಬಂದವರಿಗೆ ತೋರಿಸುವರು. ಗ್ರಂಥವನ್ನು ಓದಬಯಸುವ ವಾಚಕರಿಗೆ ನನ್ನ ವಿಜ್ಞಾಪನೆ ಇಷ್ಟೆ: ಇದುನ್ ಸಂಘದವರ ತಟ್ಟೆಗಳನ್ನು ಮೊದಲು ಕೇಳಿ, ಕಿವಿಯು ಹದವಾದ ಮೇಲೆ ಪುಟವನ್ನು ತೆರೆಯಬೇಕು. ನಾನು ತಿರುಗುಮುರುಗಾಗಿ ಮಾಡಿ ಮೊದಲಿನ ಆರು ತಿಂಗಳನ್ನು ವ್ಯರ್ಥಮಾಡಿಕೊಂಡೆನು.