ಪ್ರತಿವರ್ಷವೂ ಅಧಿಕಮಾಸ

ಹೋದ ಭಾನುವಾರ ಅಮ್ಮನಿಗೆ ಫೋನ್ ಮಾಡಿದೆ. ಈ ಸಂಖ್ಯೆಗೆ ಒಳಬರುವ ಕರೆಗಳ ಸೌಲಭ್ಯ ಇಲ್ಲ ಅಂತ ಒಂದು ರೆಕಾರ್ಡೆಡ್ ದನಿ ಬಹಳ ವಿನಯದಿಂದ ಹೇಳಿತು. ಪಕ್ಕದ ಮನೆಗೆ ಫೋನ್ ಮಾಡಿ ಅಮ್ಮನನ್ನು ಕರೆಸಿದೆ. "ಮೂರು ದಿನದಿಂದ ಯಾರದ್ದೂ ಫೋನಿಲ್ಲ. ಕೆಟ್ಟಿದೆ ಅಂದ್ಕೊಂಡು ಪೇಟೆಗೆ ಹೋಗೋರ ಹತ್ರ ರಿಪೇರಿಗೆ ಕೊಡೋಣ ಅಂತಿದ್ದೆ ಕಣೋ" ಅಂದಳು. ಫೋನ್ ಕೆಟ್ಟಿರಲಿಲ್ಲ. ರೀಚಾರ್ಜ್ ಮಾಡೋದನ್ನ ನಾನು ಮರೆತಿದ್ದೆ.

ಮರೆವು ನನ್ನದೇ, ಒಪ್ಪಿದೆ. ಆದರೆ ಮನೆ ಬಾಡಿಗೆ, ಕರೆಂಟ್ ಬಿಲ್, ಇಎಂಐ, ಸಂಬಳ ಎಲ್ಲವೂ ತಿಂಗಳ ಲೆಕ್ಕದಲ್ಲಿ ನಡೆಯುತ್ತವೆ. ಫೋನಿನ ತಿಂಗಳಿಗೆ ಮಾತ್ರ 28 ದಿನ. ಜನವರಿ 5ಕ್ಕೆ ರೀಚಾರ್ಜ್ ಮಾಡಿದರೆ ಮುಂದಿನದು ಫೆಬ್ರವರಿ 2ಕ್ಕೆ, ಆಮೇಲೆ ಮಾರ್ಚ್ 2ಕ್ಕೆ, ಮತ್ತೆ ಮಾರ್ಚ್ 30ಕ್ಕೆ. ಸಂಬಳ ಬರೋದಕ್ಕೆ ಮೊದಲೇ!

28ನ್ನು 13ರಿಂದ ಗುಣಿಸಿದರೆ 364. ನಮ್ಮ ಪಂಚಾಂಗದಲ್ಲಿ ಅಧಿಕಮಾಸ ಬರೋದು ಎರಡೂವರೆ ಮೂರು ವರ್ಷಕ್ಕೊಮ್ಮೆ. ಮೊಬೈಲ್ ಕಂಪನಿಗಳ ಪಂಚಾಂಗದಲ್ಲಿ ಪ್ರತಿವರ್ಷ. ಅಮ್ಮನ ಪ್ಯಾಕ್ 199 ರೂಪಾಯಿ. 12 ಸಲಕ್ಕೆ 2,388, 13 ಸಲಕ್ಕೆ 2,587. 2024ರ ಜುಲೈನಲ್ಲಿ ಮೂರೂ ಖಾಸಗಿ ಕಂಪನಿಗಳು ಎರಡೇ ದಿನದೊಳಗೆ ದರ ಏರಿಸಿದಾಗ ಎಲ್ಲರೂ ಬೈದೆವು. ಆದರೆ ತಿಂಗಳಿಂದ ಎರಡು ದಿನ ಕತ್ತರಿಸೋದು ಯಾವತ್ತೂ ದರ ಏರಿಕೆ ಅನ್ನಿಸಿಕೊಳ್ಳಲ್ಲ.

ಇದು ಟ್ರಾಯ್‌ಗೆ ಗೊತ್ತಿಲ್ಲದ್ದೇನಲ್ಲ. 30 ದಿನದ ಪ್ಯಾಕ್ ಮತ್ತು ಪ್ರತಿ ತಿಂಗಳೂ ಅದೇ ತಾರೀಖಿಗೆ ನವೀಕರಿಸುವ ಪ್ಯಾಕ್ ಕೊಡಲೇಬೇಕು ಅಂತ 2022ರ ಜನವರಿಯಲ್ಲೇ ಆದೇಶ ಮಾಡಿತ್ತು. ಕಂಪನಿಗಳು ಕೊಟ್ಟವು. ಎಲ್ಲಿ ಅಂತ ಆ್ಯಪಿನಲ್ಲಿ ಹುಡುಕಿ ನೋಡಿ, ನಿಮ್ಮ ತಾಳ್ಮೆಗೆ ಒಂದು ಪರೀಕ್ಷೆ.

ನನಗೆ ಹಣಕ್ಕಿಂತ ಹೆಚ್ಚು ಸಿಟ್ಟು ಬಂದದ್ದು ಆ ವಿನಯದ ದನಿಯ ಮೇಲೆ. 2003ರಲ್ಲಿ ಒಳಬರುವ ಕರೆ ಉಚಿತವಾದ ಮೇಲೆಯೇ ಅಲ್ಲವೇ, ಊರಿನ ಮನೆಮನೆಗೂ ಮೊಬೈಲ್ ಬಂದದ್ದು? 2018ರ ಕೊನೆಗೆ ನಂಬರ್ ಜೀವಂತ ಇರಬೇಕಾದರೆ 28 ದಿನಕ್ಕೆ 35 ರೂಪಾಯಿ ಹಾಕಿ ಅಂದರು. ಅದು ಮೆಟ್ಟಿಲು ಹತ್ತುತ್ತಾ ಅಮ್ಮನ 199ಕ್ಕೆ ಬಂತು. ಹಾಕದಿದ್ದರೆ ಮೊದಲು ಹೊರಹೋಗುವ ಕರೆ ಬಂದ್, ಕೆಲವು ದಿನ ಬಿಟ್ಟು ಒಳಬರುವುದೂ ಬಂದ್. ನಂಬರ್ ಬಿಡೋಣವೆಂದರೆ ಬ್ಯಾಂಕು, ಗ್ಯಾಸು, ಆಧಾರ್ ಎಲ್ಲಕ್ಕೂ ಅದೇ ನಂಬರ್.

ನಮ್ಮಲ್ಲಿ ಡೇಟಾ ಎಷ್ಟು ಅಗ್ಗ ಗೊತ್ತಾ ಅನ್ನೋರಿದ್ದಾರೆ. ಸುಳ್ಳಲ್ಲ. ಮೆಟ್ರೋದಲ್ಲಿ ರೀಲ್ಸ್ ನೋಡೋ ನಮಗೆ ಲಾಭವೇ. ಆದರೆ ಅಮ್ಮನದು ಬಟನ್ ಫೋನ್. ಪ್ಯಾಕಿನ ಜೊತೆ ಬರೋ 2 ಜಿಬಿ ಅವಳಿಗೆ ಹಲ್ಲಿಲ್ಲದವರ ಕೈಯಲ್ಲಿನ ಕಡಲೆ. ಇಂಥವರಿಗಾಗಿ ಡೇಟಾ ಇಲ್ಲದ ಪ್ಯಾಕ್ ತನ್ನಿ ಅಂತ 2024ರ ಡಿಸೆಂಬರ್‌ನಲ್ಲಿ ಟ್ರಾಯ್ ಹೇಳಿತು. ಬಂದವು: 84 ದಿನಕ್ಕೆ ನಾಲ್ಕುನೂರು ಚಿಲ್ಲರೆ, ವರ್ಷಕ್ಕೆ ಸಾವಿರದ ಏಳುನೂರಕ್ಕೂ ಮೇಲೆ. ಒಂದೇ ಸಲಕ್ಕೆ ಅಷ್ಟು ತೆರಲು ಆಗದ ಬಡವರು ಮತ್ತೆ 28 ದಿನದ ಸಾಲಿನಲ್ಲೇ ನಿಲ್ಲಬೇಕು. ಬರೀ ಕರೆ ಸ್ವೀಕರಿಸುವವರಿಗೆ ಒಂದು ಸಣ್ಣ ಮೊತ್ತದ ಪ್ಯಾಕ್, ನಿಜವಾದ ತಿಂಗಳಿನದು, ಯಾಕಿರಬಾರದು?

ಅಮ್ಮನಿಗೆ ವರ್ಷದ ಪ್ಯಾಕ್ ಹಾಕಿಸಿದೆ. ನನ್ನ ಕೈಯಲ್ಲಿ ಇತ್ತು, ಹಾಕಿಸಿದೆ. ಎಷ್ಟಾಯ್ತು ಅಂತ ಕೇಳಿದಳು. ಹೇಳಿದೆ.

"ನಾನು ಯಾರಿಗೂ ಮಾಡೋದೇ ಇಲ್ವಲ್ಲೋ" ಅಂದಳು. "ನೀನು ಮಾಡಿದಾಗ ಎತ್ತೋದಕ್ಕೂ ದುಡ್ಡಾ?"